ಜೇಬಿನ ಚಾಕು: ಸ್ಟೀಲ್ ಹೆಸರು ಆಮೇಲೆ, ಮೊದ್ಲು ಪಿವಟ್ ನೋಡಿ

ಪ್ರಶ್ನೆ: ನಮಸ್ಕಾರ ಸರ್, ನಾನಿರೋದು ಡೊಂಬಿವಿಲಿ, ಕೆಲಸ ಭಿವಂಡಿಯ ಒಂದು ಗೋಡೌನಲ್ಲಿ, ಸೂಪರ್‌ವೈಸರ್. ಹೋದ ವರ್ಷ ಆನ್‌ಲೈನಲ್ಲಿ ಡಿ2 ಸ್ಟೀಲಿನ ಫೋಲ್ಡಿಂಗ್ ನೈಫ್ ತಗೊಂಡೆ, ಕಪ್ಪು ಹಿಡಿ, ಲೈನರ್ ಲಾಕ್, ಬೇರಿಂಗ್ ಪಿವಟ್, ರಿವ್ಯೂ ಎಲ್ಲ ಚೆನ್ನಾಗೇ ಇತ್ತು. ಒಂದು ಮಳೆಗಾಲ ಮುಗಿಯೋದ್ರೊಳಗೆ ಬ್ಲೇಡ್ ಮೇಲೆ ಕಂದು ಚುಕ್ಕೆ, ತೆಗೆಯುವಾಗ ಕರಕರ ಸೌಂಡ್, ಬಾಕ್ಸ್ ಕೊಯ್ದು ಕೊಯ್ದು ಧಾರನೂ ಹೋಯ್ತು. ಇದನ್ನ ಸರಿ ಮಾಡ್ಬಹುದಾ? ಇಲ್ಲಾಂದ್ರೆ ಎರಡು ಮೂರು ಸಾವಿರದ ಬಜೆಟ್ಟಲ್ಲಿ ಯಾವ ತರದ್ದು ನೋಡ್ಲಿ? ಪಾರ್ಸೆಲ್, ಹಣ್ಣು, ಹಗ್ಗ, ಯಾವಾಗಾದ್ರೂ ಟ್ರೆಕ್, ಇಷ್ಟೇ ಕೆಲಸ. ಇನ್ನೊಂದು, ಲೋಕಲ್ ಟ್ರೈನಲ್ಲಿ ಜೇಬಲ್ಲಿಟ್ಟುಕೊಂಡು ಹೋದ್ರೆ ಪೊಲೀಸರು ಹಿಡೀತಾರಾ?

ಉತ್ತರ:

ಸರಿ ಮಾಡ್ಬಹುದು, ಬಿಸಾಡ್ಲಿಕ್ಕೆ ಹೋಗ್ಬೇಡಿ. ಆದ್ರೆ ಸರಿ ಮಾಡಿದ ಮೇಲೂ ಅದು ನಿಮ್ಮ ಕೆಲಸಕ್ಕೆ, ನಮ್ಮ ಈ ಕಡೆಯ ಹವೆಗೆ ಆಗಿಬರೋ ಚಾಕು ಅಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೇನೆ. ನನ್ನ ಕೌಂಟರಿಗೆ ಬರೋ ಹುಡುಗರು ಕೇಳೋದೇ "ಅಂಕಲ್ ಇದು ಯಾವ ಸ್ಟೀಲ್" ಅಂತ. ಪಿವಟ್, ಅಂದ್ರೆ ಬ್ಲೇಡ್ ತಿರುಗೋ ಕೀಲು, ಬಿಚ್ಲಿಕ್ಕೆ ಬರ್ತದಾ, ಅಂಚಿನ ಹಿಂದೆ ಬ್ಲೇಡ್ ಎಷ್ಟು ತೆಳು ಉಂಟು, ತೊಳೆದ್ರೆ ಒಳಗೆ ಹೋದ ನೀರು ಹೊರಗೆ ಬರ್ತದಾ ಅಂತ ಕೇಳೋರು ಅಪರೂಪ. ಮುಂಬಯಿ, ಠಾಣೆ, ಕೊಂಕಣ, ಗೋವಾ ಈ ಉದ್ದಕ್ಕೂ ಜೂನಿಂದ ಸೆಪ್ಟೆಂಬರ್ ತನಕ ಚಾಕು ಹಾಳಾಗ್ಲಿಕ್ಕೆ ಶುರುವಾಗೋದು ಕಣ್ಣಿಗೆ ಬೀಳೋ ಬ್ಲೇಡಲ್ಲಿ ಅಲ್ಲ, ಕಣ್ಣಿಗೆ ಬೀಳದ ಪಿವಟ್ ಸಂದಿಯಲ್ಲಿ.

ಡಿ2 ಬಗ್ಗೆ ಎರಡು ಮಾತು. ಅದು ಡೈ, ಪಂಚ್ ಮಾಡ್ಲಿಕ್ಕೆ ಅಂತ ಇರೋ ಟೂಲ್ ಸ್ಟೀಲ್, ಕಾರ್ಬನ್ ಸುಮಾರು 1.5 ಪರ್ಸೆಂಟ್, ಕ್ರೋಮಿಯಂ 12ರ ಹತ್ರ. ಕ್ರೋಮಿಯಂ 10.5 ದಾಟಿದ್ರೆ ಸ್ಟೇನ್‌ಲೆಸ್ ಅಂತಾರಲ್ವಾ, ಹಾಗಾದ್ರೆ ಇದಕ್ಕೆ ತುಕ್ಕು ಹೇಗೆ ಹಿಡೀತು ಅಂತ ನೀವು ಕೇಳ್ಬಹುದು. ಅಷ್ಟೊಂದು ಕಾರ್ಬನ್ ಇರುವಾಗ ಕ್ರೋಮಿಯಂನಲ್ಲಿ ಒಳ್ಳೇ ಪಾಲು ಅದರ ಜೊತೆ ಸೇರಿ ಗಟ್ಟಿ ಕಾರ್ಬೈಡ್ ಕಣ ಆಗಿಹೋಗ್ತದೆ, ತುಕ್ಕು ತಡೆಯೋ ಪದರ ಕಟ್ಲಿಕ್ಕೆ ಉಳಿಯೋದು ಕಮ್ಮಿ. ಅದಕ್ಕೇ ಡಿ2 ಧಾರ ತುಂಬಾ ದಿನ ಹಿಡ್ಕೊಳ್ತದೆ, ಆದ್ರೆ ಬೆವರು, ಉಪ್ಪು ಗಾಳಿ, ನಿಂಬೆಹುಳಿ ತಡ್ಕೊಳ್ಳೋದಿಲ್ಲ. ಪುಣೆಯಲ್ಲಿ ಇದೇ ಚಾಕು ಇನ್ನೂ ಸ್ವಲ್ಪ ಕಾಲ ಚೆನ್ನಾಗಿರ್ತಿತ್ತೋ ಏನೋ, ಅಲ್ಲಿ ಮಳೆಗಾಲ ಬಿಟ್ರೆ ಗಾಳಿ ಒಣ. ನಿಮಗೆ ಮಳೆಗಾಲದಲ್ಲಿ ಲೋಕಲಲ್ಲಿ ಜನರ ಮಧ್ಯೆ ಸಿಕ್ಕಿಹಾಕ್ಕೊಂಡು ಪ್ಯಾಂಟ್ ಜೇಬೇ ಒದ್ದೆ. ಕರಕರ ಸೌಂಡ್ ಬರೋದು ಬೇರಿಂಗಿಂದ. ಆ ಚಿಕ್ಕ ಚಿಕ್ಕ ಗುಂಡುಗಳಿಗೂ ತುಕ್ಕು ಹಿಡಿಯೋದುಂಟು, ಮೇಲಿಂದ ಗೋಡೌನಿನ ರಟ್ಟಿನ ಧೂಳು ಎಣ್ಣೆ ಜೊತೆ ಸೇರಿ ಅರೆಯೋ ಪೇಸ್ಟ್ ಆಗಿರ್ತದೆ. ಬೆರಳು ತಾಗಿಸಿದ್ರೆ ಸಾಕು ಬ್ಲೇಡ್ ಹಾರ್ಕೊಂಡು ಬರ್ತದೆ ಅಂತ ವಿಡಿಯೋದಲ್ಲಿ ತೋರಿಸ್ತಾರಲ್ಲ, ಆ ಬೇರಿಂಗ್ ಧೂಳಿನ ಜಾಗಕ್ಕೆ ಹೇಳಿದ್ದಲ್ಲ. ನಮಗೆ ಫಾಸ್ಫರ್ ಬ್ರಾಂಜ್ ವಾಷರ್ ಇರೋದೇ ಲೇಸು, ಸ್ವಲ್ಪ ಬಿಗಿ ಇರ್ತದೆ, ಇರ್ಲಿ.

ಈಗ ರಿಪೇರಿ. ಬೇಕಾಗೋದು ನಕ್ಷತ್ರದ ಬಾಯಿ ಇರೋ ಟಾರ್ಕ್ಸ್ ಬಿಟ್, ಸಾಮಾನ್ಯವಾಗಿ ಟಿ6 ಮತ್ತೆ ಟಿ8, ಮೊಬೈಲ್ ರಿಪೇರಿ ಕಿಟ್ಟಲ್ಲೇ ಇರ್ತದೆ, ಇಲ್ಲಾಂದ್ರೆ ನಾಗದೇವಿ ಸ್ಟ್ರೀಟಲ್ಲಿ ಒಂದು ಸುತ್ತು ಹಾಕಿದ್ರೆ ಸಿಗ್ತದೆ. ಚೀಪ್ ಬಿಟ್ ಬೇಡ, ಅದು ಸ್ಕ್ರೂ ತಲೆಯನ್ನೇ ತಿಂದುಹಾಕ್ತದೆ, ಆಮೇಲೆ ದೇವರೇ ಗತಿ. ಸ್ಕ್ರೂ ಸಡಿಲ ಆಗ್ಬಾರ್ದು ಅಂತ ಕಂಪೆನಿಯವರು ಒಂದು ತರ ಗಮ್ ಹಾಕಿರ್ತಾರೆ, ಬಲ ಹಾಕಿ ತಿರುಗಿಸ್ಬೇಡಿ, ಸ್ಕ್ರೂ ತಲೆ ಮೇಲೆ ಸೋಲ್ಡರಿಂಗ್ ಐರನ್ ಸ್ವಲ್ಪ ಹೊತ್ತು ಇಟ್ಟು ಬಿಸಿ ಮಾಡಿ, ಗಮ್ ಮೆತ್ತಗಾಗ್ತದೆ. ಬಿಚ್ಚಿದ್ರೆ ವಾರಂಟಿ ಹೋಗ್ತದೆ ಅಂತ ಕೆಲವು ಕಂಪೆನಿಯವರು ಹೇಳ್ತಾರೆ, ನಿಮ್ಮದ್ರಲ್ಲಿ ಹೇಗೆ ಅಂತ ನೋಡ್ಕೊಳ್ಳಿ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೀರಿ, ಕೆಳಗೆ ಬಿಳಿ ಬಟ್ಟೆ ಹಾಸ್ಕೊಳ್ಳಿ, ಫ್ಯಾನ್ ಆಫ್ ಮಾಡಿ. ನಗ್ಬೇಡಿ, ಟಿ6 ಸ್ಕ್ರೂ ಒಂದ್ಸಲ ಕಾಟ್ ಕೆಳಗೆ ಹೋದ್ರೆ ಸಿಗೋದಿಲ್ಲ.

ಬಿಚ್ಚಿದ ಮೇಲೆ ಮೆಡಿಕಲಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಇಯರ್ ಬಡ್ಡಿಂದ ಪಿವಟ್ ತೂತು, ಹಿಡಿ ಒಳಗಿನ ತಗಡು ಅಂದ್ರೆ ಲೈನರ್‌ನ ಒಳಬದಿ, ಬೇರಿಂಗ್ ಎಲ್ಲ ಒರೆಸಿ. ಮೊದಲನೇ ಬಡ್ಡು ಕಪ್ಪು ಮಸಿಯಾಗಿ ಬರ್ತದೆ, ಬಿಳಿಯಾಗೇ ಬರೋ ತನಕ ಬಿಡ್ಬೇಡಿ. ಬ್ಲೇಡಿನ ಚುಕ್ಕೆಗೆ ಬ್ರಾಸೊ ಹಾಕಿ ಹತ್ತಿಬಟ್ಟೆಯಲ್ಲಿ ಬೆನ್ನಿಂದ ಅಂಚಿನ ಕಡೆಗೆ ಉಜ್ಜಿ, ಉದ್ದುದ್ದಕ್ಕೆ ಬೇಡ, ಬೆರಳು ಕೊಯ್ಕೊಳ್ತೀರಿ. ಮೇಲಿನ ಕಂದು ಬಣ್ಣ ಹೋಗ್ತದೆ. ಸೂಜಿಮೊನೆ ಕುಳಿ ಬಿದ್ದಿದ್ರೆ ಅದು ಹಾಗೇ ಉಳೀತದೆ, ಉಳೀಲಿ, ಕೆಲಸಕ್ಕೇನೂ ತೊಂದ್ರೆ ಇಲ್ಲ, ಅಲ್ಲಿ ಹೊಸ ತುಕ್ಕು ಕೂರದ ಹಾಗೆ ಎಣ್ಣೆ ಸವರಿದ್ರಾಯ್ತು. ವಿನೆಗರಲ್ಲಿ ರಾತ್ರಿಯಿಡೀ ನೆನೆಸಿ ಅಂತ ಹೇಳೋರಿದ್ದಾರೆ, ಕೇಳ್ಬೇಡಿ, ತುಕ್ಕಿನ ಜೊತೆ ಒಳ್ಳೇ ಸ್ಟೀಲನ್ನೂ ತಿಂದು ಬ್ಲೇಡ್ ಕಪ್ಪು ಮಾಡಿ ಕೊಡ್ತದೆ. ಬ್ರಾಸೊ ಹಾಕಿದ ಬ್ಲೇಡನ್ನ ಸೋಪಲ್ಲಿ ತೊಳೆಯದೆ ಹಣ್ಣಿಗೆ ಮುಟ್ಟಿಸ್ಬೇಡಿ.

ಜೋಡಿಸುವಾಗ ಬೇರಿಂಗಿಗೆ ಒಂದೇ ಒಂದು ಹನಿ ಎಣ್ಣೆ. ಪಿವಟ್ ಸ್ಕ್ರೂವನ್ನ ಪೂರ್ತಿ ಬಿಗಿ ಮಾಡಿ, ಆಮೇಲೆ ಕೂದಲೆಳೆಯಷ್ಟು ಸಡಿಲ ಬಿಡ್ತಾ ಬನ್ನಿ. ಬ್ಲೇಡ್ ತೆಗೆದು ತುದಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿದ್ರೆ ಅಲ್ಲಾಡ್ಬಾರ್ದು, ಹಾಗೇ ಮಡಚುವಾಗ ಬಲ ಹಾಕೋ ಹಾಗೂ ಇರ್ಬಾರ್ದು, ಆ ಎರಡರ ನಡುವೆ ಒಂದು ಜಾಗ ಇರ್ತದೆ, ಕೈಗೆ ಗೊತ್ತಾಗ್ತದೆ. ಮಡಚಿದಾಗ ಬ್ಲೇಡ್ ಎರಡು ಲೈನರಿನ ಮಧ್ಯ ಬಂದು ಕೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಇನ್ನು ಬಾಕ್ಸ್ ಕೊಯ್ಯೋ ವಿಷಯ, ನಿಮ್ಮ ಪ್ರಶ್ನೆಯ ಅರ್ಧ ಕಷ್ಟ ಇಲ್ಲೇ ಉಂಟು. ರಟ್ಟು ನೋಡ್ಲಿಕ್ಕೆ ಮೆತ್ತಗೆ, ಆದ್ರೆ ಅದ್ರಲ್ಲಿ ಮಣ್ಣಿನಂಶ, ಮರಳಿನಂಶ ಇರ್ತದೆ, ಎಂಥ ಧಾರವನ್ನೂ ಸವೆಸ್ತದೆ. ದಿನಕ್ಕೆ ರಾಶಿ ಕಾರ್ಟನ್ ಬಿಚ್ಚೋರು ಒಳ್ಳೇ ಜೇಬುಚಾಕುವನ್ನ ಅದಕ್ಕೆ ಹಾಕ್ಲೇಬಾರ್ದು. ಅದಕ್ಕೆ ತುದಿ ಮುರಿದು ಮುರಿದು ಹೊಸ ಅಂಚು ಮಾಡ್ಕೊಳ್ಳೋ ಕಟರ್ ಉಂಟಲ್ಲ, 18 ಎಂಎಂ ಬ್ಲೇಡಿಂದು, ಅದನ್ನ ಇಟ್ಕೊಳ್ಳಿ. ಜಪಾನಿನ ಓಲ್ಫಾದವರು 1956ರಲ್ಲಿ ಅದನ್ನ ಮಾಡಿದ್ದೇ ಕಾಗದ ಕೊಯ್ದು ಕೊಯ್ದು ಧಾರ ಹೋಗೋ ಈ ತಾಪತ್ರಯಕ್ಕೆ. ಪ್ಲಾಸ್ಟಿಕ್ ಪಟ್ಟಿಗೂ ಅದೇ ಸಾಕು, ಕಬ್ಬಿಣದ ಪಟ್ಟಿಗೆ ಮಾತ್ರ ತಗಡು ಕೊಯ್ಯೋ ಕತ್ತರಿ, ಅಂದ್ರೆ ಸ್ನಿಪ್, ಚಾಕು ಹಾಕಿ ಮೀಟಿದ್ರೆ ಮೊನೆ ಹೋಯ್ತು ಅಂತಲೇ ಲೆಕ್ಕ. ಕಟರ್ ಗೋಡೌನಲ್ಲೇ ಬಿಟ್ಟು ಬನ್ನಿ. ಹೀಗೆ ಮಾಡಿದ್ರೆ ಜೇಬಿನ ಚಾಕುಗೆ ಉಳಿಯೋದು ಹಣ್ಣು, ಹಗ್ಗ, ಮನೆಗೆ ಬರೋ ಒಂದೆರಡು ಪಾರ್ಸೆಲ್. ಅಷ್ಟಕ್ಕೆ ಡಿ2ನೂ ಬೇಡ, ಯುದ್ಧಕ್ಕೆ ಹೋಗೋ ಹಾಗಿರೋ ಕಪ್ಪು ಹಿಡಿನೂ ಬೇಡ.

ಹಾಗಾದ್ರೆ ಯಾವ್ದು? ನನ್ನನ್ನ ಕೇಳಿದ್ರೆ ವಿಕ್ಟೋರಿನಾಕ್ಸ್‌ನ 91 ಎಂಎಂ ಸೈಜಿನ ಸ್ಪಾರ್ಟನ್ ತರದ್ದು. ದೊಡ್ಡ ಬ್ಲೇಡ್ ಸುಮಾರು ಏಳು ಸೆಂಟಿಮೀಟರ್, ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗೇ ಹಿಡ್ಕೊಳ್ಳೋದು, ಜೊತೆಗೆ ಒಂದು ಚಿಕ್ಕ ಬ್ಲೇಡ್, ಡಬ್ಬಿ ತೆಗೆಯೋದು, ಬಾಟ್ಲಿ ತೆಗೆಯೋದು. ಹಿಂದೆ ಇರೋ ಕಾರ್ಕ್‌ಸ್ಕ್ರೂ ನೋಡಿ ನಮಗೆಂತಕ್ಕೆ ಇದು ಅಂತಾರೆ ಜನ, ಒದ್ದೆಯಾಗಿ ಬಿಗಿದ ನೈಲಾನ್ ಗಂಟು ಬಿಚ್ಲಿಕ್ಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಇವರ ಸ್ಟೀಲಿಗೆ ಯೂಟ್ಯೂಬಲ್ಲಿ ಮರ್ಯಾದೆ ಇಲ್ಲ, ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56 ಎಚ್‌ಆರ್‌ಸಿ ಆಸುಪಾಸು, ಮೆತ್ತಗೆ ಅಂತಾರೆ. ಮೆತ್ತಗೆ ಇರೋದ್ರಿಂದಲೇ ಮನೆಯಲ್ಲೇ ಬೇಗ ಧಾರ ಬರ್ತದೆ, ತುಕ್ಕೂ ಸುಲಭಕ್ಕೆ ಹತ್ತೋದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬ್ಲೇಡ್ ತೆಳು. ದಪ್ಪ ಬ್ಲೇಡಿನ ಚಾಕು ಎಷ್ಟೇ ಧಾರ ಇದ್ರೂ ಸೇಬಿನೊಳಗೆ ಅರ್ಧ ಹೋಗಿ ಸೇಬನ್ನ ಸೀಳ್ತದೆ, ಕೊಯ್ಯೋದಿಲ್ಲ, ಮನೆಯಲ್ಲಿ ಇರೋದ್ರಲ್ಲೇ ಒಂದ್ಸಲ ಮಾಡಿ ನೋಡಿ. ಅಂಚಿನ ಹಿಂದಿನ ದಪ್ಪ ಕೆಲಸ ಮಾಡೋದು ದಿನಾ ಗೊತ್ತಾಗ್ತದೆ, ಸ್ಟೀಲಿನ ಹೆಸರು ಗೊತ್ತಾಗೋದು ಯಾವತ್ತೋ ಒಂದಿನ.

ಹಿಡಿ ಅಲ್ಯೂಮಿನಿಯಂದು ಬೇಕಾದ್ರೆ ಅವರದ್ದೇ 93 ಎಂಎಂ ಅಲಾಕ್ಸ್ ಉಂಟು, ಬಜೆಟ್ ಸ್ವಲ್ಪ ದಾಟ್ಬಹುದು. ಈ ಕೆಂಪು ಹಿಡಿ ಚಾಕುವಿನ ನಕಲಿ ಫುಟ್‌ಪಾತ್ ತುಂಬ ಸಿಗ್ತದೆ, ನೋಡ್ಲಿಕ್ಕೆ ತದ್ರೂಪಿ, ಸ್ಪ್ರಿಂಗ್ ಲೊಡಲೊಡ. ಅರ್ಧಕ್ಕರ್ಧ ರೇಟಿಗೆ ಸಿಕ್ಕಿದ್ರೆ ಖುಷಿಪಡ್ಬೇಡಿ.

ಫ್ರಾನ್ಸಿನ ಒಪಿನೆಲ್ ಚಂದದ ಚಾಕು, 1890ರಿಂದ ಬಂದದ್ದು, ನಂಬರ್ 8ರ ಬ್ಲೇಡ್ ಎಂಟೂವರೆ ಸೆಂಟಿಮೀಟರ್, ತುಂಬ ತೆಳು, ಹಣ್ಣು ತರಕಾರಿಗೆ ಇದರ ಮುಂದೆ ಬೇರೆ ನಿಲ್ಲೋದಿಲ್ಲ. ಆದ್ರೆ ಹಿಡಿ ಬೀಚ್ ಮರದ್ದು. ಜುಲೈಯಲ್ಲಿ ಮರ ನೀರು ಕುಡಿದು ಊದ್ಕೊಳ್ತದೆ, ಬ್ಲೇಡನ್ನ ಅದುಮಿ ಹಿಡ್ಕೊಂಡು ಉಗುರು ಮುರಿದ್ರೂ ಹೊರಗೆ ಬರೋದಿಲ್ಲ. ಆಗ ಬ್ಲೇಡಿನ ಬುಡದಲ್ಲಿ ತಿರುಗಿಸೋ ಉಂಗುರದ ಲಾಕ್ ತೆಗೆದು ಹಿಡಿಯ ಹಿಂದಿನ ತುದಿಯನ್ನ ಮೇಜಿಗೆ ಕುಟ್ಟಿದ್ರೆ ಬ್ಲೇಡ್ ತಾನೇ ಅಷ್ಟು ಈಚೆ ಬರ್ತದೆ, ಅಲ್ಲಿಯವರೂ ಹಾಗೇ ಮಾಡೋದು. ಚಳಿಗಾಲದಲ್ಲಿ ಒಣ ಹಿಡಿಗೆ ಅಗಸೆ ಎಣ್ಣೆ ಕುಡಿಸಿಟ್ರೆ ಊದೋದು ಕಮ್ಮಿ ಆಗ್ತದೆ, ಪೂರ್ತಿ ನಿಲ್ಲೋದಿಲ್ಲ. ತಗೊಳ್ಳೋದಾದ್ರೆ ಇನಾಕ್ಸ್, ಅಂದ್ರೆ ಸ್ಟೇನ್‌ಲೆಸ್, ಅಂತ ಬರೆದದ್ದೇ ತಗೊಳ್ಳಿ, ಕಾರ್ಬನ್ ಬೇಡ. ಮನೆಯಲ್ಲಿ ಕೋಕಮ್, ಮಾವಿನಕಾಯಿ ಕೊಯ್ಯೋರಾದ್ರೆ ಕಾರ್ಬನ್ ಬ್ಲೇಡ್ ಒಂದೇ ಸಂಜೆಗೆ ನೀಲಿ ಕಪ್ಪು ಆಗಿರ್ತದೆ. ಕೆಲವರಿಗೆ ಆ ಬಣ್ಣವೇ ಇಷ್ಟ, ಅದು ಬೇರೆ.

ಲಾಕ್ ಬೇಕಾ ಅಂತ ಕೇಳ್ತಾರೆ. ಲೈನರ್ ಲಾಕ್ ಅಂದ್ರೆ ಹಿಡಿ ಒಳಗಿನ ತಗಡಿನ ಪಟ್ಟಿ ಅಡ್ಡ ಬಂದು ಬ್ಲೇಡಿನ ಬುಡಕ್ಕೆ ಒತ್ತು ಕೊಡೋದು, ಅಷ್ಟೇ. ಆ ಪಟ್ಟಿಗೂ ಬುಡಕ್ಕೂ ಮಧ್ಯ ಜೇಬಿನ ನೂಲು ಸಿಕ್ಕಿಹಾಕ್ಕೊಂಡ್ರೆ ಲಾಕ್ ಬಿದ್ದ ಹಾಗೆ ಕಾಣ್ತದೆ, ಬಿದ್ದಿರೋದಿಲ್ಲ. ನಿಮ್ಮದ್ರಲ್ಲಿ ಈಗಲೇ ಟಾರ್ಚ್ ಹಾಕಿ ನೋಡಿ, ಪಟ್ಟಿ ಬುಡದ ಅಗಲದ ಕಾಲು ಭಾಗಕ್ಕಿಂತ ಹೆಚ್ಚು ಒಳಗೆ ಬಂದು ಕೂತಿರ್ಬೇಕು, ಬರೀ ಅಂಚಿಗೆ ತಾಗಿ ನಿಂತಿದ್ರೆ ನಂಬ್ಬೇಡಿ. ಲಾಕ್ ಇದ್ರೂ ಇಲ್ಲದಿದ್ರೂ ಮೊನೆಯಿಂದ ಚುಚ್ಚಿ ಒತ್ತೋ ಕೆಲಸ, ಬ್ಲೇಡ್ ಬೆನ್ನಿಗೆ ಕುಟ್ಟೋ ಕೆಲಸ ಮಡಚೋ ಚಾಕುಗೆ ಕೊಡ್ಬಾರ್ದು. ಹಾಗೆ ನೋಡಿದ್ರೆ ಲಾಕ್ ಇಲ್ಲದ ಚಾಕು ಹಿಡಿದವರು ಬೆರಳನ್ನ ಜಾಗ್ರತೆಯಲ್ಲಿ ಇಟ್ಕೊಳ್ತಾರೆ, ಲಾಕ್ ಇದ್ದವರಿಗೇ ಧೈರ್ಯ ಜಾಸ್ತಿ.

ಧಾರ. ಗಲ್ಲಿಗೆ ಸೈಕಲ್ ಮೇಲೆ ಚಕ್ರ ಕಟ್ಕೊಂಡು ಬರೋ ಧಾರ್‌ವಾಲಾನ ಹತ್ರ ಅಡುಗೆಮನೆ ಕತ್ತರಿ, ಹಳೇ ಚಾಕು ಕೊಡಿ, ಪಾಪ ಅವನ ಹೊಟ್ಟೆಪಾಡು, ಕೆಲಸನೂ ಚುರುಕು. ಜೇಬಿನ ತೆಳು ಬ್ಲೇಡ್ ಮಾತ್ರ ಕೊಡ್ಬೇಡಿ. ಒಣ ಚಕ್ರದಲ್ಲಿ ಕಿಡಿ ಹಾರ್ತದಲ್ಲ, ಅಷ್ಟು ಬಿಸಿಗೆ ಅಂಚಿನ ಗಡಸುತನವೇ ಇಳೀತದೆ, ಮತ್ತೆ ಎಷ್ಟು ಸಾಣೆ ಹಿಡಿದ್ರೂ ಧಾರ ನಿಲ್ಲೋದಿಲ್ಲ, ಮೇಲಿಂದ ಒಂದೇ ಸಲಕ್ಕೆ ವರ್ಷಗಳಷ್ಟು ಸ್ಟೀಲ್ ತೆಗೆದಿರ್ತಾನೆ. ವಿ ಆಕಾರದ ಸಂದಿಯಲ್ಲಿ ಎಳೆಯೋ ಶಾರ್ಪನರೂ ಬೇಡ, ಅದು ಅಂಚನ್ನ ಹರಿದು ಬಿಡೋದು.

ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ ಇರೋ ಡೈಮಂಡ್ ಪ್ಲೇಟ್ ಇಲ್ಲ ನೀರಿನ ಕಲ್ಲು ಸಾಕು, ಗ್ರಿಟ್ ನಂಬರ್ ಹೆಚ್ಚಾದಷ್ಟು ಕಲ್ಲು ನುಣುಪು. ಕೋನ ಒಂದು ಬದಿಗೆ 20 ಡಿಗ್ರಿ, ವಿಕ್ಟೋರಿನಾಕ್ಸಿನವರು 15ರಿಂದ 20 ಅಂತಾರೆ. ಡಿಗ್ರಿ ಅಳೆಯೋದು ಹೇಗೆ ಅಂದ್ರೆ, ಬ್ಲೇಡ್ 15 ಎಂಎಂ ಅಗಲ ಇದ್ರೆ ಬೆನ್ನು ಕಲ್ಲಿಂದ 5 ಎಂಎಂ ಮೇಲೆ, ಅಷ್ಟೇ. ಅಂಚಿನ ಓರೆಗೆ ಕಪ್ಪು ಮಾರ್ಕರ್ ಬಳೀರಿ, ಎರಡು ಸಲ ಉಜ್ಜಿ ನೋಡಿ. ಮಸಿ ಮೇಲ್ಗಡೆ ಮಾತ್ರ ಹೋಗಿ ತುತ್ತತುದಿಯಲ್ಲಿ ಉಳಿದಿದ್ರೆ ಬೆನ್ನು ತಗ್ಗು ಹಿಡಿದಿದ್ದೀರಿ, ತುದಿಯಲ್ಲಿ ಮಾತ್ರ ಹೋಗಿದ್ರೆ ಎತ್ತರ ಹಿಡಿದಿದ್ದೀರಿ, ಪೂರ್ತಿ ಹೋಗೋ ಹಾಗೆ ಸರಿ ಮಾಡ್ಕೊಂಡು ಕೈಯನ್ನ ಅಲ್ಲೇ ನಿಲ್ಲಿಸ್ಬೇಕು. ಒಂದೇ ಬದಿ ಉಜ್ತಾ ಹೋಗಿ, ಇನ್ನೊಂದು ಬದಿಯಿಂದ ಹೆಬ್ಬೆರಳನ್ನ ಬೆನ್ನಿಂದ ಅಂಚಿನ ಹೊರಕ್ಕೆ ಮೆತ್ತಗೆ ಜಾರಿಸಿದ್ರೆ ಸಣ್ಣ ತಂತಿಯ ಹಾಗೆ ಎಂತದೋ ತಡೀತದೆ, ಅದಕ್ಕೆ ಬರ್ ಅಂತಾರೆ. ಅದು ಬುಡದಿಂದ ಮೊನೆ ತನಕ ಬರದೆ ಬದಿ ಬದಲಾಯಿಸ್ಬೇಡಿ. ಧಾರ ಬರ್ಲಿಲ್ಲ ಅಂತ ನನ್ನ ಹತ್ರ ಬರೋರಲ್ಲಿ ಮುಕ್ಕಾಲು ಪಾಲು ಈ ಬರ್ ಬರೋ ಮೊದ್ಲೇ ತಿರುಗಿಸಿದವರು. ಆಮೇಲೆ ಆ ಬದಿಯೂ ಅಷ್ಟೇ, ಕೊನೆಗೆ 1000ದ ಮೇಲೆ ಭಾರ ಹಾಕದೆ ಒಂದು ಸಲ ಈ ಕಡೆ ಒಂದು ಸಲ ಆ ಕಡೆ, ಹಳೇ ಬೆಲ್ಟಿನ ಒಳಬದಿ ಮೇಲೆ ಅಂಚು ಹಿಂದಾಗಿ ಎಳೆದು ಬರ್ ತೆಗೀರಿ. ಮನೆಗೆ ಬರೋ ಪೇಪರ್, ಕರ್ನಾಟಕ ಮಲ್ಲ ಆಗ್ಲಿ ಲೋಕಸತ್ತಾ ಆಗ್ಲಿ, ಒಂದು ಹಾಳೆ ಗಾಳಿಯಲ್ಲಿ ಹಿಡಿದು ಕೊಯ್ದ್ರೆ ಸರ್ರಂತ ಹೋಗ್ಬೇಕು, ಎಲ್ಲಿ ತಡೀತದೋ ಅಲ್ಲಿ ಬರ್ ಇನ್ನೂ ಉಂಟು ಅಂತ ಅರ್ಥ.

ಟ್ರೆಕ್ಕಿಗೆ ಹೋದಾಗ ಕಲ್ಲು ಇಲ್ಲಾಂದ್ರೆ ಪಿಂಗಾಣಿ ಕಪ್ ಬೋರಲು ಹಾಕಿ, ಅಡಿಯಲ್ಲಿ ಹೊಳಪಿಲ್ಲದ ಒರಟು ಉಂಗುರ ಇರ್ತದಲ್ಲ, ಅದರ ಮೇಲೆ ನಾಲ್ಕು ಸಲ ಎಳೆದ್ರೆ ಆ ದಿನಕ್ಕೆ ಸಾಕಾಗೋ ಧಾರ ಬರ್ತದೆ. ರಾಜಗಡದ ಕೆಳಗಿನ ಚಹಾ ಟಪರಿಯಲ್ಲಿ ಗಾಜಿನ ಲೋಟ, ಅಲ್ಲಿ ಇದು ನಡಿಯೋದಿಲ್ಲ.

ದಿನದ ನಿಗಾ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಹಣ್ಣು ಕೊಯ್ದ ಮೇಲೆ ತೊಳೆದು ಒರೆಸಿ, ಮಡಚುವ ಮೊದ್ಲು ಒಣಗಿಸಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬಿಸಿನೀರಿಗೆ ಸೋಪು ಹಾಕಿ ಅದರೊಳಗೇ ಬ್ಲೇಡನ್ನ ಹತ್ತಾರು ಸಲ ತೆಗೆದು ಮಡಚಿ ಮಾಡಿ, ಸಂದಿಯ ಕೊಳೆ ಹೊರಗೆ ಬರ್ತದೆ, ಜಾಡಿಸಿ ಹೇರ್ ಡ್ರೈಯರಲ್ಲಿ ಒಣಗಿಸಿ ಪಿವಟ್ಟಿಗೆ ಒಂದು ಹನಿ. ಮರದ ಹಿಡಿಯದ್ದಕ್ಕೆ ಈ ಸ್ನಾನ ಬೇಡ. ಎಣ್ಣೆ ಯಾವ್ದು ಅಂದ್ರೆ ಮೆಡಿಕಲಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಮಲಬದ್ಧತೆಗೆ ಕೊಡೋದು ಅದೇ, ಹಾಗಾಗಿ ಹಣ್ಣಿಗೆ ತಾಗಿದ್ರೂ ಭಯ ಇಲ್ಲ. ನಮ್ಮೂರವರ ಕೈ ಸೀದಾ ತೆಂಗಿನೆಣ್ಣೆಗೆ ಹೋಗ್ತದೆ ಅಂತ ಗೊತ್ತು ಮಾರಾಯ್ರೆ, ಆದ್ರೆ ಅದು ಬರ್ತಾ ಬರ್ತಾ ಕಮಟಾಗ್ತದೆ, ಪುಣೆಯ ಡಿಸೆಂಬರಲ್ಲಿ ಹೆಪ್ಪೂ ಕಟ್ತದೆ. ಡಬ್ಲ್ಯೂಡಿ-40 ನೀರು ಓಡಿಸ್ಲಿಕ್ಕೆ, ಕೊಳೆ ಬಿಡಿಸ್ಲಿಕ್ಕೆ ಸರಿ, ಎಣ್ಣೆಯಾಗಿ ನಿಲ್ಲೋದಿಲ್ಲ. ಲೆದರ್ ಪೌಚಲ್ಲಿ ಮಾತ್ರ ಚಾಕು ಇಟ್ಟು ಮರೀಬೇಡಿ, ಚರ್ಮ ತೇವ ಹಿಡ್ಕೊಂಡು ಕೂತಿರ್ತದೆ.

ಪೊಲೀಸ್ ವಿಷಯ ಸ್ವಲ್ಪ ಎಚ್ಚರದಲ್ಲಿ ಓದಿ, ನಾನು ವಕೀಲ ಅಲ್ಲ. ಆರ್ಮ್ಸ್ ರೂಲ್ಸ್ 2016ರ ಪ್ರಕಾರ ಆಯುಧದ ಲೆಕ್ಕಕ್ಕೆ ಬರೋ ಚಾಕು ಅಂದ್ರೆ ಬ್ಲೇಡ್ 9 ಇಂಚಿಗಿಂತ ಉದ್ದ ಇಲ್ಲ 2 ಇಂಚಿಗಿಂತ ಅಗಲ, ಮನೆಕೆಲಸ, ಕೃಷಿ, ಕೈಗಾರಿಕೆಗೆ ಅಂತ ಮಾಡಿದ್ದನ್ನ ಬಿಟ್ಟು. ನಿಮ್ಮದು ಅದರ ಹತ್ರಕ್ಕೂ ಬರೋದಿಲ್ಲ. ಆದ್ರೆ ಅಲ್ಲಿಗೆ ಮುಗೀಲಿಲ್ಲ. ಮಹಾರಾಷ್ಟ್ರ ಪೊಲೀಸ್ ಕಾಯ್ದೆ 1951ರ 37ನೇ ಸೆಕ್ಷನ್ ಪ್ರಕಾರ ಕಮಿಷನರ್ ಇಂತಿಷ್ಟು ದಿನ ಅಂತ ಆರ್ಡರ್ ಹೊರಡಿಸಿ ಸಾರ್ವಜನಿಕ ಜಾಗದಲ್ಲಿ ಆಯುಧ ಒಯ್ಯೋದನ್ನ ನಿಷೇಧಿಸ್ಬಹುದು, ಆ ಪಟ್ಟಿಯಲ್ಲಿ ಲಾಠಿ, ಕತ್ತಿ ಜೊತೆ ಚಾಕು ಅಂತಲೂ ಉಂಟು, ಇಷ್ಟೇ ಉದ್ದ ಅಂತ ಇಲ್ಲ. ಹಬ್ಬ, ಚುನಾವಣೆ, ಗಲಾಟೆ ಸಮಯದಲ್ಲಿ ಇಂಥ ಆರ್ಡರ್ ಬರ್ತಾ ಇರ್ತದೆ. ಆಗ ನಿಮ್ಮನ್ನ ನಿಲ್ಲಿಸಿದ ಹವಾಲ್ದಾರರ ಕಣ್ಣಿಗೆ ಸೇಬು ಕೊಯ್ಯೋ ಕೆಂಪು ಚಾಕುಗೂ ಕಪ್ಪು ಮೊನಚು ಚಾಕುಗೂ ವ್ಯತ್ಯಾಸ ಉಂಟು, ಬಟನ್ ಒತ್ತಿದ್ರೆ ಚಿಮ್ಮೋ ರಾಂಪುರಿ ತರದ್ದಂತೂ ಕೇಳೋದೇ ಬೇಡ. ಹಾಗಾಗಿ ಪ್ಯಾಂಟಿಗೆ ಕ್ಲಿಪ್ ಹಾಕಿ ತೋರಿಸ್ಕೊಂಡು ಹೋಗ್ಬೇಡಿ, ಬ್ಯಾಗೊಳಗೆ ಟಿಫಿನ್ ಡಬ್ಬಿ ಜೊತೆ ಇರ್ಲಿ. ಮೆಟ್ರೋದಲ್ಲಿ ಸ್ಕ್ಯಾನರಿಗೆ ಬ್ಯಾಗ್ ಹಾಕ್ಲೇಬೇಕು, ಆ ದಿನ ಮನೆಯಲ್ಲೇ ಬಿಡೋದು ಸುಲಭ. ಗೋವಾಕ್ಕೆ ವಿಮಾನದಲ್ಲಿ ಹೋಗೋದಾದ್ರೆ ಚೆಕ್-ಇನ್ ಬ್ಯಾಗಲ್ಲಿ ಮಾತ್ರ, ಕ್ಯಾಬಿನ್ ಬ್ಯಾಗಲ್ಲಿ ಸಿಕ್ಕಿದ್ರೆ ಕಿತ್ಕೊಳ್ತಾರೆ, ವಾಪಸ್ ಬರೋದಿಲ್ಲ.

ಇನ್ನು ನಿಮ್ಮ ಡಿ2, ಸರಿ ಮಾಡಿ ಎಣ್ಣೆ ಸವರಿ ಮನೆಯ ಟೂಲ್ ಡಬ್ಬಿಯಲ್ಲಿಡಿ, ಕೇಬಲ್ ಸುಲಿಯೋದು, ಮ್ಯಾಟ್ ಕೊಯ್ಯೋದು ಇಂಥದ್ದಕ್ಕೆ ಆ ಗಡಸು ಧಾರ ಒಳ್ಳೇದೇ. ಹೊಸದು ತರಿಸಿದ್ರೆ ಪಾರ್ಸೆಲ್ ಬಂದ ದಿನವೇ ಒಂದೊಂದೇ ಬ್ಲೇಡ್ ತೆಗೆದು ಕಿಟಕಿ ಬೆಳಕಿಗೆ ಹಿಡೀರಿ. ಬ್ಲೇಡಿನ ಬುಡಕ್ಕೂ ಬೆನ್ನಿನ ಸ್ಪ್ರಿಂಗಿಗೂ ನಡುವೆ ಅಗಲವಾಗಿ ಬೆಳಕು ಕಂಡ್ರೆ, ತೆಗೆದ ಬ್ಲೇಡ್ ಮೇಲೆ ಕೆಳಗೆ ಆಡಿದ್ರೆ, ಮಡಚುವಾಗ ಟಕ್ ಅಂತ ಕೂರದೆ ಸುಮ್ನೆ ಬಿದ್ದ ಹಾಗೆ ಆದ್ರೆ ಆ ಪೀಸ್ ಬೇಡ. ಹಣ್ಣು ಕೊಯ್ದು ನೋಡ್ಲಿಕ್ಕೆ ಹೋಗ್ಬೇಡಿ, ಬಳಸಿದ್ದನ್ನ ವಾಪಸ್ ತಗೊಳ್ಳೋದಿಲ್ಲ, ಹಾಗೇ ಪ್ಯಾಕ್ ಮಾಡಿ ರಿಟರ್ನ್ ಹಾಕಿ ಬೇರೆ ತರಿಸಿ.